ಬ್ರಹ್ಮಚಾರಿ ಪ್ಲಾಂಟ್

ಠಾಣೆ ಶಹರದ ಆ ಆಸ್ಪತ್ರೆಗೆ ನಾನು ಸೊಸೆಯ ಜೊತೆ ಹೋದದ್ದು ಅವಳಿಗೆ ಆಸರೆಯಾಗಲೆಂದು ಅಲ್ಲ. ಅವಳಿಗೆ ಮಕ್ಕಳಾಗುವುದಿಲ್ಲ ಎಂಬ ಮಾತನ್ನು ಡಾಕ್ಟರ ಬಾಯಿಂದಲೇ ಕೇಳಿಕೊಂಡು ಬರಬೇಕೆಂದು ಹೋಗಿದ್ದೆ. ಆ ಮಾತೊಂದು ಸಿಕ್ಕಿದ್ದರೆ ಅವಳಿಗೆ ಸೋಡಚೀಟಿ ಕೊಡಿಸಿ ಮಗನಿಗೆ ಇನ್ನೊಂದು ಮದುವೆ ಮಾಡುವುದು ಸಲೀಸಾಗುತ್ತಿತ್ತು. ಇಂಡಿ ಊರಿನ ಕಡೆ ಒಂದು ಹುಡುಗಿಯನ್ನು ನೋಡಿಕೊಂಡೂ ಬಂದಿದ್ದೆ. ಹೆಂಡತಿಗೆ ಗೆಳೆಯನ ಮನೆಯ ಮದುವೆ ಎಂದು ಸುಳ್ಳು ಹೇಳಿದ್ದೆ. ನನ್ನ ಪರಿಚಯಕ್ಕೆ ಇಷ್ಟು ಸಾಕು. ಮುಂದೆ ಓದುವವರು ನನ್ನ ಬಗ್ಗೆ ಮರುಕ ಇಟ್ಟುಕೊಳ್ಳಬೇಕಾಗಿಲ್ಲ.

ಆ ಆಸ್ಪತ್ರೆಯ ಗೋಡೆಯ ತುಂಬ ಮಕ್ಕಳ ಫೋಟೊಗಳು. ಎಲ್ಲವೂ ಬೆಣ್ಣೆಯ ಮುದ್ದೆಯಂಥ ಬಿಳಿ ಮಕ್ಕಳು. ಡೊಂಬಿವಲಿ, ಕಲ್ಯಾಣದಲ್ಲಿ ಅಂಥ ಬಣ್ಣದ ಮಗು ಹುಟ್ಟಿದರೆ ನೆರೆಹೊರೆಯವರು ಬೇರೆಯೇ ಮಾತಾಡುತ್ತಾರೆ. ಆ ಫೋಟೊಗಳ ಕೆಳಗೆ ಹೆಂಗಸರು ಮಡಿಲಲ್ಲಿ ದಪ್ಪ ಫೈಲು ಇಟ್ಟುಕೊಂಡು ಕುಳಿತಿದ್ದರು. ಅವರ ಗಂಡಂದಿರು ಮೊಬೈಲಿನಲ್ಲಿ ಮುಖ ಹುದುಗಿಸಿದ್ದರು, ತಮಗೂ ಈ ಜಾಗಕ್ಕೂ ಸಂಬಂಧವೇ ಇಲ್ಲವೆಂಬಂತೆ. ಇಡೀ ಕೋಣೆಯಲ್ಲಿ ಧೋತರ, ಟೋಪಿಯ ಮುದುಕ ನಾನೊಬ್ಬನೇ. ಕೌಂಟರಿನ ಹುಡುಗಿ ತಲೆಯೆತ್ತಿ, "ಪೇಶಂಟ್ ಕೋಣ್? ಆಜೋಬಾ, ತುಮ್ಹೀ?" ಎಂದಳು. ಪೇಶಂಟ್ ಯಾರು, ಅಜ್ಜ, ನೀವೇನಾ ಎಂದು. ಮೊಬೈಲಿನ ಗಂಡಸರೆಲ್ಲ ಒಮ್ಮೆಗೇ ತಲೆಯೆತ್ತಿ ನಕ್ಕರು. ನಾನು ಬಾಯಿ ಬಿಡದೆ ಗದ್ದ ತಿರುವಿ ಸೊಸೆಯನ್ನು ತೋರಿಸಿದೆ. ಹೆಸರೂ ಹೇಳಲಿಲ್ಲ. ಅವಳ ಹೆಸರು ಸವಿತಾ.

ಡಾಕ್ಟರು ಮಧ್ಯವಯಸ್ಸಿನ ಹೆಂಗಸು. ಮಾತು ಮರಾಠಿಯಲ್ಲಿ ನಡೆಯಿತು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸವಿತಾಳ ಫೈಲನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ತಿರುವಿ ಹಾಕಿದರು. ರಕ್ತದ್ದು, ಹೊಟ್ಟೆಯದು, ಗರ್ಭನಳಿಕೆಗೆ ಔಷಧಿ ಹಾಯಿಸಿ ಎಕ್ಸರೇ ತೆಗೆದದ್ದು, ಎಲ್ಲ ಇತ್ತು. ಆ ಔಷಧಿ ಹಾಯಿಸಿದ ದಿನ ಅವಳು ರಿಕ್ಷಾದಲ್ಲಿ ಹೊಟ್ಟೆ ಹಿಡಿದುಕೊಂಡು ಮುದುಡಿಕೊಂಡು ಬಂದಿದ್ದಳು, ನಾನು ಸಂಜೆಯ ಚಹಾ ತಡವಾಯಿತೆಂದು ಗೊಣಗಿದ್ದೆ.

"ಇವಳದು ಎಲ್ಲ ಸರಿ ಇದೆ. ಗಂಡನ ರಿಪೋರ್ಟ್ ಎಲ್ಲಿ?"

"ಅವನದು ಯಾಕೆ? ಅವನಿಗೇನೂ ಆಗಿಲ್ಲ. ಐವತ್ತು ಕಿಲೋ ಚೀಲ ಒಬ್ಬನೇ ಹೆಗಲ ಮೇಲೆ ಹಾಕಿಕೊಳ್ಳುತ್ತಾನೆ."

"ಆಜೋಬಾ, ಮಗು ಹೆಗಲಿನಿಂದ ಹುಟ್ಟುವುದಿಲ್ಲ."

ಸವಿತಾ ತಲೆ ತಗ್ಗಿಸಿದಳು. ನಾಚಿಕೊಂಡಳು ಎಂದುಕೊಂಡೆ. ನಗು ತಡೆಯಲಾಗದೆ ತಗ್ಗಿಸಿದ್ದೆ ಎಂದು ಎಷ್ಟೋ ದಿನದ ಮೇಲೆ ಅವಳೇ ನನ್ನ ಹೆಂಡತಿಗೆ ಹೇಳಿದಳಂತೆ. ಮಗನನ್ನು ಕರೆತರದೆ ಇನ್ನೊಂದು ಚೀಟಿಯನ್ನೂ ಬರೆಯುವುದಿಲ್ಲವೆಂದು ಡಾಕ್ಟರು ಫೈಲು ಮುಚ್ಚಿ ನಮ್ಮ ಕಡೆಗೆ ನೂಕಿದರು. ಬೇಕಾದ ಮಾತು ಸಿಗದೆ ನಾನು ಸಿಟ್ಟಿನಿಂದ ಹೊರಬಂದೆ.

ನಾನು ಬಾಗಲಕೋಟೆ ಕಡೆಯವನು. ಎಸ್ಸೆಸ್ಸೆಲ್ಸಿ ಪಾಸಾಗಿ ಸೋದರಮಾವನ ಹಿಂದೆ ಡೊಂಬಿವಲಿಗೆ ಬಂದೆ, ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ಒಂದು ಕೆಮಿಕಲ್ ಕಂಪನಿಯಲ್ಲಿ ಹೆಲ್ಪರ್ ಆಗಿ ಸೇರಿ ಸುಪರ್ವೈಸರ್ ಆಗಿ ನಿವೃತ್ತನಾದೆ. ಬಟ್ಟೆಯ ಬಣ್ಣಕ್ಕೆ ಬೇಕಾಗುವ ಮೂಲ ಕೆಮಿಕಲ್ ಅಲ್ಲಿ ತಯಾರಾಗುತ್ತಿತ್ತು. ಹಿಂಭಾಗದಲ್ಲಿ ಒಂದು ಶೆಡ್ ಇತ್ತು. ಮನೆಯಷ್ಟು ಎತ್ತರದ ಉಕ್ಕಿನ ಹಂಡೆಗಳು, ನಾವು ವೆಸೆಲ್ ಅನ್ನುತ್ತಿದ್ದೆವು. ಒಂದೊಂದು ಮಾಲು ಇಳಿದ ಮೇಲೂ ಒಬ್ಬ ಮನುಷ್ಯ ಅದರೊಳಗೆ ಇಳಿದು, ಘಾಟಿನ ದ್ರಾವಣ ಸುರಿದು, ಗೋಡೆಗೆ ಅಂಟಿದ್ದನ್ನು ಉಜ್ಜಿ ತೆಗೆಯಬೇಕು. ಹೊರಗೆ ಬಂದವನಿಗೆ ಕುಡಿದವನ ಹಾಗೆ ಕಾಲು ತಡವರಿಸುತ್ತಿತ್ತು. ಎಲ್ಲರೂ ನಗುತ್ತಿದ್ದರು.

ಆ ಶೆಡ್ಡಿಗೆ ಕಾಗದದ ಮೇಲೆ ಒಂದು ನಂಬರಿತ್ತು. ಕ್ಯಾಂಟೀನಿನಲ್ಲಿ ಅದರ ಹೆಸರು ಬ್ರಹ್ಮಚಾರಿ ಪ್ಲಾಂಟ್. ಅಲ್ಲಿ ಹೊಸದಾಗಿ ಮದುವೆಯಾದವರಿಗೆ ಮಕ್ಕಳಾಗುವುದಿಲ್ಲ, ಮೊದಲೇ ಒಂದು ಇದ್ದವರಿಗೆ ಎರಡನೆಯದಾಗುವುದಿಲ್ಲ ಎಂದು ಕೆಲಸಗಾರರು ತಾವೇ ಗಮನಿಸಿ ಇಟ್ಟ ಹೆಸರು. "ಯಾರಿಗೆ ಸಂಸಾರ ಸಾಕಾಗಿದೆಯೋ ಅವರು ಕೈ ಎತ್ತಿ, ಬ್ರಹ್ಮಚಾರಿಗೆ ಹಾಕ್ತೀನಿ" ಎಂದು ಡ್ಯೂಟಿ ಹಂಚುವಾಗ ನಾನೇ ಎಷ್ಟು ಸಲ ಜೋಕು ಹೊಡೆದಿದ್ದೇನೋ. ಎಲ್ಲರಿಗೂ ಗೊತ್ತಿತ್ತು. ಜೋಕಾಗಿ ಗೊತ್ತಿದ್ದದ್ದನ್ನು ನಿಜವಾಗಿ ತಿಳಿಯಬೇಕಾಗಿಲ್ಲ, ಅದೊಂದು ದೊಡ್ಡ ಅನುಕೂಲ.

ಇದಕ್ಕೆ ಕಂಪನಿ ಕಂಡುಹಿಡಿದಿದ್ದ ಔಷಧಿ ಬೆಲ್ಲ. ಪ್ರತಿ ಶಿಫ್ಟ್ ಮುಗಿದಾಗ ಒಬ್ಬೊಬ್ಬರಿಗೆ ಒಂದು ಹೆಂಟೆ ಬೆಲ್ಲ, ವಾರಕ್ಕೊಮ್ಮೆ ಬಾಳೆಹಣ್ಣು. ಬೆಲ್ಲ ತಿಂದರೆ ಎದೆಯೊಳಗಿನ ಕೆಮಿಕಲ್ ಇಳಿದು ಹೋಗುತ್ತದೆ ಎಂದು ನಮ್ಮ ನಂಬಿಕೆ. ಹಂಚುತ್ತಿದ್ದವನು ನಾನು. ಒಳ್ಳೆಯ ಕೊಲ್ಹಾಪುರದ ಬೆಲ್ಲವೇ ಬೇಕೆಂದು ಮ್ಯಾನೇಜರ ಜೊತೆ ಜಗಳವಾಡಿ ತರಿಸಿದ್ದೆ, ಅದಕ್ಕಾಗಿ ಕೆಲಸಗಾರರು ನನ್ನನ್ನು ಹೊಗಳುತ್ತಿದ್ದರು. ಮೂಗಿಗೆ ಹಾಕುವ ಮಾಸ್ಕುಗಳು ನನ್ನ ಕಪಾಟಿನಲ್ಲಿದ್ದವು. ಬೀಗದ ಕೈ ನನ್ನ ಸೊಂಟದಲ್ಲಿತ್ತು. ಸರ್ಕಾರಿ ಇನ್ಸ್‌ಪೆಕ್ಟರ್ ಬರುವ ದಿನ ತೆಗೆದು ಹಂಚಿ, ಅವನ ಜೀಪು ಗೇಟು ದಾಟಿದ ಮೇಲೆ ಎಣಿಸಿ ಒಳಗಿಡುತ್ತಿದ್ದೆ. ಅವು ಬೇಗ ಹಾಳಾಗುತ್ತಿದ್ದವಲ್ಲ.

ಮಗ ಬಸವರಾಜ ಹನ್ನೆರಡನೆಯದರಲ್ಲಿ ಫೇಲಾದ. ಅವನನ್ನು ನಾನು ಅದೇ ಕಂಪನಿಗೆ, ಅದೇ ಶೆಡ್ಡಿಗೆ ಹಚ್ಚಿದೆ. ಬೇರೆ ಕಡೆ ಪರ್ಮನೆಂಟ್ ಆಗಲು ವರ್ಷಗಟ್ಟಲೆ ಬೇಕು. ಬ್ರಹ್ಮಚಾರಿಯಲ್ಲಿ ಯಾರೂ ನಿಲ್ಲದ ಕಾರಣ ನಿಂತವನಿಗೆ ಬೇಗ ಕಾಯಂ ಆರ್ಡರ್ ಸಿಗುತ್ತಿತ್ತು. ಅವನ ತಲೆನೋವು, ಅವನ ಅಂಗಿಯ ವಾಸನೆ ನನಗೆ ಕಾಣಲಿಲ್ಲ. ಪರ್ಮನೆಂಟ್ ಎಂಬ ಪದ ಕಂಡಿತು. ಶಹಾಡ್‌ನಲ್ಲಿರುವ ಸವಿತಾಳ ಅಪ್ಪನೂ ಹೆಣ್ಣು ಕೊಡುವ ಮೊದಲು ಕೇಳಿದ್ದು ಅದೊಂದೇ: "ಹುಡುಗ ಪರ್ಮನೆಂಟ್ ಏನ್ರಿ?" ನಾನು ಮೀಸೆ ತೀಡಿಕೊಂಡು ಹೌದೆಂದೆ.

ಮದುವೆಯಾಗಿ ವರ್ಷ ತುಂಬುವ ಮೊದಲೇ ಶುರುವಾಯಿತು: "ಏನ್ರಿ, ಮನ್ಯಾಗ ಏನರ ವಿಶೇಷ?" ನಮ್ಮವರಿಗೆ ವಿಶೇಷವೆಂದರೆ ಒಂದೇ. ಸವಿತಾ ಭಿವಂಡಿಯ ಒಂದು ಗೋದಾಮಿನ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಎದ್ದು ಅಡುಗೆ ಮಾಡಿಟ್ಟು, ಬಸ್ಸು ಹಿಡಿದು, ಆ ಲಾರಿಗಳ ರಸ್ತೆಯಲ್ಲಿ ಮೈ ಕುಲುಕಿಸಿಕೊಂಡು ಹೋಗಿ ಬರುತ್ತಾಳೆ. ಆ ಕುಲುಕಾಟಕ್ಕೇ ಗರ್ಭ ನಿಲ್ಲುವುದಿಲ್ಲ, ಕೆಲಸ ಬಿಡಿಸು ಎಂದು ನಾನು ಮಗನ ಕಿವಿ ಊದಿದೆ. ಕಲ್ಯಾಣದ ಒಬ್ಬ ಜ್ಯೋತಿಷಿ ಅವಳ ಜಾತಕದಲ್ಲಿ ಸರ್ಪವನ್ನು ಕಂಡ. ಉಲ್ಲಾಸನಗರದ ಒಬ್ಬ ವೈದ್ಯ ಕಂದು ಪುಡಿ ಕೊಟ್ಟ. ಅದನ್ನು ತಿಂದು ಅವಳ ಮೈಯೆಲ್ಲ ಬಾತುಕೊಂಡಿತು. ಈ ಇಬ್ಬರು ಕಳ್ಳರಿಗಿಂತ ನಾನು ದೊಡ್ಡವನು, ಯಾಕೆಂದರೆ ಅವರಿಗೆ ಬ್ರಹ್ಮಚಾರಿ ಪ್ಲಾಂಟ್ ಎಂಬ ಹೆಸರು ಗೊತ್ತಿರಲಿಲ್ಲ.

ಬಸವರಾಜನನ್ನು ಪರೀಕ್ಷೆಗೆ ಒಪ್ಪಿಸಿದವಳು ಸವಿತಾ. ಹೇಗೆ ಒಪ್ಪಿಸಿದಳೋ ನನಗೆ ತಿಳಿಯದು. ಬಾಗಿಲು ಮುಚ್ಚಿಕೊಂಡು ಬಹಳ ಹೊತ್ತು ಮಾತಾಡಿದರು. ಅವಳು ಶಹಾಡ್‌ನಲ್ಲೇ ಹುಟ್ಟಿ ಬೆಳೆದವಳು, ಸಿಟ್ಟು ಬಂದರೆ ಕನ್ನಡ ಬಿಟ್ಟು ಹಿಂದಿಗೆ ಹೋಗುತ್ತಾಳೆ. ಅವತ್ತು ಒಳಗಿನಿಂದ ಹಿಂದಿ ಕೇಳಿಸುತ್ತಿತ್ತು.

ಆಸ್ಪತ್ರೆಯಲ್ಲಿ ಅವನ ಕೈಗೆ ಡಬ್ಬಿ ಕೊಟ್ಟು ಕೋಣೆ ತೋರಿಸಿದರು. ಅವನು ಒಳಗೆ ಹೋದವನು ಬರಲೇ ಇಲ್ಲ. ನನ್ನ ಪಕ್ಕದಲ್ಲಿ ವಾಶಿಯಲ್ಲಿ ಹೋಟೆಲು ಇಟ್ಟಿರುವ ಉಡುಪಿ ಕಡೆಯ ಒಬ್ಬರು ಕೂತಿದ್ದರು. ನಮ್ಮಂಥ ಕೆಮಿಕಲ್ ಕಂಪನಿಯಲ್ಲಿ ದುಡಿದವರಲ್ಲ, ಒಲೆಯ ಬಿಸಿಯೆದುರು ಇಪ್ಪತ್ತು ವರ್ಷ ನಿಂತವರು. ಅವರಿಗೂ ಮಕ್ಕಳಾಗಿರಲಿಲ್ಲ. ನಾನು ಕನ್ನಡದವನೆಂದು ತಿಳಿದು ಖುಷಿಪಟ್ಟರು.

"ನೀವು ಮಗನ ಒಟ್ಟಿಗೆ ಬಂದದ್ದಾ? ಸೊಸೆಯ ಒಟ್ಟಿಗೂ ಬರ್ತೀರಂತೆ? ಎಂತ ದೊಡ್ಡ ಮನಸ್ಸು ಮಾರಾಯ್ರೆ! ನಮ್ಮ ಅಪ್ಪ ಆಗಿದ್ರೆ ಈ ಗೇಟಿನ ಹತ್ರ ಸಹ ಬರ್ತಿರ್ಲಿಲ್ಲ."

ನಾನು ತಲೆಯಾಡಿಸಿದೆ. ಆ ಮನುಷ್ಯ ತನ್ನ ಚೀಲದಿಂದ ಎರಡು ನೀರುಳ್ಳಿ ಬಜೆ ತೆಗೆದು ಕಾಗದದಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟರು. ನಾನು ತಿಂದೆ. ಬಜೆ ಚೆನ್ನಾಗಿತ್ತು. ಅಷ್ಟರಲ್ಲಿ ಒಬ್ಬ ನರ್ಸ್ ಆ ಕೋಣೆಯ ಬಾಗಿಲ ಬಳಿ ಹೋಗಿ, ತಟ್ಟದೆ, ಮೆಲ್ಲಗೆ, "ಭಾವೂ, ಘಾಯಿ ನಾಹಿ. ಆಜ ನಾಹಿ ತರ ಉದ್ಯಾ" ಎಂದಳು. ಅವಸರವಿಲ್ಲ ಅಣ್ಣಾ, ಇವತ್ತಲ್ಲದಿದ್ದರೆ ನಾಳೆ. ನನ್ನ ಮಗನ ಜೊತೆ ಅಷ್ಟು ಮೆತ್ತಗೆ ಯಾರಾದರೂ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಮ್ಮ ಮನೆಯಲ್ಲಂತೂ ಇಲ್ಲ.

ರಿಪೋರ್ಟ್ ಬಂತು. ಇರಬೇಕಾದದ್ದು ಹುಡುಕಿದರೂ ಸಿಗದಷ್ಟು ಕಡಿಮೆ, ಸಿಕ್ಕದ್ದಕ್ಕೂ ಜೀವವಿಲ್ಲ. ಬಸವರಾಜ ಮೇಜಿನ ಅಂಚು ಹಿಡಿದು ಕೂತಿದ್ದ. ಡಾಕ್ಟರು ಅವನನ್ನು ಒಂದೇ ಪ್ರಶ್ನೆ ಕೇಳಿದರು, ಕೆಲಸ ಏನು ಎಂದು. ಅವನು ಹೇಳತೊಡಗಿದ. ವೆಸೆಲ್ ಒಳಗೆ ಇಳಿಯುವುದು, ಉಜ್ಜುವುದು, ಹೊರಗೆ ಬಂದ ಮೇಲೆ ನಿಶೆ ಏರಿದ ಹಾಗಾಗುವುದು.

"ಮೂಗಿಗೆ, ಮೈಗೆ ಏನು ಹಾಕಿಕೊಳ್ಳುತ್ತೀಯ?"

"ಕರ್ಚೀಫು ಕಟ್ಟಿಕೊಳ್ತೀನಿ. ಆಮೇಲೆ ಬೆಲ್ಲ ಕೊಡ್ತಾರೆ."

"ಬೆಲ್ಲ?"

"ಹೌದು ಮೇಡಂ. ಇವರೇ ಹಂಚ್ತಿದ್ರು."

ಮಗ ನನ್ನ ಕಡೆ ಕೈ ಮಾಡಿ ತೋರಿಸಿದ. ದೂರುವಂತೆ ಹೇಳಲಿಲ್ಲ, ನನ್ನ ಹುದ್ದೆಯನ್ನು ಪರಿಚಯಿಸುವಂತೆ ಹೇಳಿದ. ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ನಾನು ಎದುರು ಮಾತಾಡಿ ಗೆಲ್ಲುತ್ತಿದ್ದೆನೇನೋ.

ಡಾಕ್ಟರು, ಇದೇ ಕಾರಣವೆಂದು ನಾನು ಬರೆದು ಕೊಡಲಾರೆ, ಆದರೆ ಆ ಕೆಲಸ ಬಿಡದೆ ಮುಂದಿನ ಮಾತಿಲ್ಲ ಎಂದರು. ಬಿಟ್ಟರೆ ಕೆಲವು ತಿಂಗಳಲ್ಲಿ ಮೈ ತಾನೇ ಸುಧಾರಿಸಬಹುದು, ಸುಧಾರಿಸದೆಯೂ ಇರಬಹುದು. ಮನೆ ಎಲ್ಲಿ ಎಂದು ಕೇಳಿದರು. ಎಂಐಡಿಸಿಯ ಬೇಲಿಗೆ ಹತ್ತಿದ ರೆಸಿಡೆನ್ಶಿಯಲ್ ಝೋನ್ ಎಂದಾಗ ಪೆನ್ನು ಕೆಳಗಿಟ್ಟು ನಿಟ್ಟುಸಿರು ಬಿಟ್ಟರು. ನಮ್ಮ ಬಿಲ್ಡಿಂಗಿನ ಹಿಂದಿನ ನಾಲೆ ವಾರಕ್ಕೊಂದು ಬಣ್ಣ ಹಾಕಿಕೊಳ್ಳುತ್ತದೆ. ಸಂಜೆಯಾದರೆ ಕೊಳೆತ ಮೊಟ್ಟೆಯ ವಾಸನೆ. ಸೊಸೈಟಿಯವರು ವಾಟ್ಸಾಪಿನಲ್ಲಿ ಆ ನಾಲೆಯ ಫೋಟೊ ಹಾಕಿ ಅಳುವ ಬೊಂಬೆಯ ಚಿತ್ರ ಕಳಿಸಿ, ಕಿಟಕಿ ಮುಚ್ಚಿಕೊಂಡು ಸೀರಿಯಲ್ ನೋಡುತ್ತಾರೆ. ಸ್ಟೇಶನ್‌ಗೆ ಹತ್ತಿರ, ಡ್ಯೂಟಿಗೆ ಹತ್ತಿರ ಎಂದು ಆ ಮನೆ ಆರಿಸಿದವನೂ ನಾನೇ.

ಮರುದಿನ ಮ್ಯಾನೇಜರನ ಹತ್ತಿರ ಹೋದೆ. ಮಗನನ್ನು ಆಫೀಸಿಗೋ ಗೇಟಿಗೋ ಬದಲಿ ಮಾಡಿ ಎಂದು ಕೈ ಮುಗಿದೆ. ಈಗಿನವನು ನನ್ನ ಮಗನಿಗಿಂತ ಚಿಕ್ಕವನು, ಮುಂಗೈಯಲ್ಲಿ ಓಟಗಾರರ ಗಡಿಯಾರ.

"ಕಾಕಾ, ಈಗಿನ ಹುಡುಗರು ಮೊಬೈಲ್ ಜೇಬಿನಲ್ಲಿಡ್ತಾರೆ, ಬಿಗಿ ಜೀನ್ಸ್ ಹಾಕ್ತಾರೆ, ಗುಟ್ಕಾ ತಿಂತಾರೆ. ಕಂಪನಿ ಏನು ಮಾಡಬೇಕು? ಜೀವನವೆಲ್ಲ ನೀವೂ ಇಲ್ಲೇ ಇದ್ರಿ. ನಿಮಗೆ ಮಗ ಹುಟ್ಟಲಿಲ್ವಾ?"

ಹಿಂದಿಯಲ್ಲಿ ಹೇಳಿ ನಕ್ಕ. ನಾನು ಅವನನ್ನು ಬೈದುಕೊಳ್ಳುತ್ತ ಗೇಟಿನವರೆಗೆ ಬಂದೆ. ಗೇಟಿನಲ್ಲಿ ಹೊಳೆಯಿತು, ಇವನು ಆಡಿದ್ದು ನಾನು ಕಲಿಸಿದ ಮಾತನ್ನೇ. "ನನ್ನ ನೋಡ್ರಿ, ನನಗೇನಾಗೇತಿ?" ಎಂದು ಎದೆ ತಟ್ಟಿಕೊಂಡು ಎಷ್ಟು ಹುಡುಗರನ್ನು ನಾನು ಆ ವೆಸೆಲ್ಲಿನೊಳಗೆ ಇಳಿಸಿಲ್ಲ?

ಬಸವರಾಜ ಕೆಲಸ ಬಿಟ್ಟ. ಸವಿತಾ ತನ್ನ ಗೋದಾಮಿನಲ್ಲೇ ಅವನಿಗೆ ಮಾಲು ರವಾನೆಯ ಕೆಲಸ ಕೊಡಿಸಿದಳು. ಟೆಂಪರರಿ. ಇದೆಲ್ಲ ನಡೆಯುವಾಗ ಮನೆಯ ಹೊರಗೆ ಯಾರಿಗೂ ಏನೂ ತಿಳಿದಿರಲಿಲ್ಲ. ತಿಳಿಯದಂತೆ ನೋಡಿಕೊಂಡವಳು ಸವಿತಾ. ದೋಷ ತನ್ನದೇ ಎಂಬಂತೆ ಎಲ್ಲರೆದುರು ಇರುತ್ತಿದ್ದಳು.

ಕಲ್ಯಾಣದಲ್ಲಿ ನನ್ನ ತಂಗಿ ಗಂಗವ್ವ ಇದ್ದಾಳೆ. ಅವಳ ಮಗಳು ಬಸುರಿಯಾಗಿ ಏಳನೇ ತಿಂಗಳಲ್ಲಿ ಕುಬಸದ, ಅಂದರೆ ಸೀಮಂತದ, ಕಾರ್ಯ ಇಟ್ಟುಕೊಂಡರು. ಬಸುರಿಗೆ ಹಸಿರು ಸೀರೆ ಉಡಿಸಿ, ಮುತ್ತೈದೆಯರು ಒಬ್ಬೊಬ್ಬರಾಗಿ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬುತ್ತಿದ್ದರು. ಸವಿತಾ ಕೂಡ ಎದ್ದು ತಾಟಿನ ಕಡೆ ಕೈ ಚಾಚಿದಳು. ಗಂಗವ್ವ ಆ ಕೈಯನ್ನು ಹಿಡಿದು ಪಕ್ಕಕ್ಕಿಟ್ಟಳು.

"ನೀ ಅಲ್ಲೇ ಕುಂದ್ರವಾ. ತಾಟ ಮುಟ್ಟಬ್ಯಾಡ. ತಪ್ಪು ತಿಳ್ಕೋಬ್ಯಾಡ ಮತ್ತ."

ಹಿಂದೆ ಯಾರೋ ಮೆಲ್ಲಗೆ "ಬಂಜಿ" ಎಂದರು. ಮೆಲ್ಲಗೆ ಎಂದರೆ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ. ನಮ್ಮ ಭಾಷೆಯಲ್ಲಿ ಹೆಂಗಸಿಗೆ ಈ ಪದ ಇದೆ. ಗಂಡಸಿಗೆ ಇದರ ಜೋಡಿ ಪದ ಇಲ್ಲ, ಬೇಕೆಂದು ಯಾರಿಗೂ ಅನಿಸಿಯೇ ಇಲ್ಲ. ಇರುವವು ಬೇರೆಯ ಬೈಗುಳಗಳು, ಅವುಗಳ ಅರ್ಥವೂ ಬೇರೆ. ನಾನು ಎದ್ದು ನಿಂತೆ.

"ದೋಷ ಆಕೀದಲ್ಲ. ಬಸವರಾಜಂದು. ಅವಗ ನನ್ನಿಂದ ಬಂತು. ಬ್ರಹ್ಮಚಾರಿ ಪ್ಲಾಂಟಿಗೆ ನಾನ ಹಚ್ಚಿದ್ದೆ. ಬೈಯೋದಿದ್ರ ನನ್ನ ಬೈರಿ."

ಅಕ್ಕಿಯ ಕಾಳು ಬೀಳುವುದೂ ನಿಂತಿತು. ಆಮೇಲೆ ತಂಗಿಯ ಗಂಡ, ದೊಡ್ಡ ಹೊಟ್ಟೆಯವನು, ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ ಕೇಳಿದ:

"ಅಂದ್ರ ನಮ್ಮ ಬಸ್ಯಾ ಗಂಡಸಲ್ಲೇನು?"

ಗಂಡಸರ ಕಡೆ ನಗು ಎದ್ದಿತು. ಬಸವರಾಜ ಊಟದ ಎಲೆ ಹಾಕುತ್ತಿದ್ದವನು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಚಪ್ಪಲಿಯೂ ಇಲ್ಲದೆ ಹೊರಗೆ ಹೋದ. ನಾನು ಅವನ ಚಪ್ಪಲಿ ಹಿಡಿದು ಓಡಿದೆ. ಸ್ಟೇಶನ್ನಿನ ಸ್ಕೈವಾಕ್ ಮೇಲೆ ಸಿಕ್ಕ. ಒಳ್ಳೆಯ ಕೆಲಸ ಮಾಡಿದೆನೆಂಬ ಬಿಸಿ ಇನ್ನೂ ನನ್ನ ಎದೆಯಲ್ಲಿತ್ತು, ಅದನ್ನು ನಾನು ಮುಚ್ಚಿಡುವುದಿಲ್ಲ.

"ಅಪ್ಪಾ, ನಿನ್ನ ಯಾರು ಕೇಳಿದ್ರು?"

"ಆಕೀನ ಹಂಗ ಅಂದ್ರಲ್ಲೋ, ಸುಮ್ಮ ಕುಂದ್ರಲೇನು?"

"ಆಕೀ ಸಲುವಾಗಿ ಎದ್ದಿ? ಹೆಣ್ಣ ನೋಡಾಕ ಇಂಡಿಗೆ ಹೋದಾಗ ಆಕೀ ನೆನಪಿರಲಿಲ್ಲಾ? ನಿನ್ನ ಪಾಪ ತೊಳಕೊಳ್ಳಾಕ ನನ್ನ ಮಾನ ಸುರುವಿದಿ. ನನ್ನ ರಿಪೋರ್ಟ ಅದು. ನಿಂದಲ್ಲ."

ಇಂಡಿಯ ವಿಷಯ ಅವನಿಗೆ ತಿಳಿದಿತ್ತು. ಎಲ್ಲರಿಗೂ ತಿಳಿದಿತ್ತಂತೆ. ಚಪ್ಪಲಿ ಹಾಕಿಕೊಳ್ಳದೆ ಅವನು ಜನರ ನಡುವೆ ಇಳಿದು ಹೋದ. ಹಿಂದೆಯೇ ಬಂದ ಸವಿತಾ ನನ್ನ ಕೈಯಿಂದ ಆ ಚಪ್ಪಲಿ ತೆಗೆದುಕೊಂಡಳು. ನನ್ನನ್ನು ಅವಳು ಮಾಮಾ ಎಂದು ಕರೆಯುತ್ತಾಳೆ.

"ಮಾಮಾ, ರಿಪೋರ್ಟ್ ಬಂದ ದಿವಸನ ನಾ ಎಲ್ಲಾರಿಗೂ ಹೇಳಬಹುದಿತ್ತು. ಮೇರಾ ತೋ ಸಬ್ ನಾರ್ಮಲ್ ಥಾ. ಬಂಜಿ ಅಂತ ಅನಿಸ್ಕೊಂಡು ಯಾಕ ಗಪ್ಪ ಇದ್ದೆ ಅಂತ ಏಕ್ ಬಾರ್ ಭೀ ನೀವು ವಿಚಾರ ಮಾಡ್ಲಿಲ್ಲಾ?"

ನಾನು ಮಾಡಿರಲಿಲ್ಲ. ಅವಳು ತಿಂಗಳುಗಟ್ಟಲೆ ಹಲ್ಲು ಕಚ್ಚಿ ಕಾಪಾಡಿದ್ದನ್ನು ನಾನು ಒಂದು ಉಸಿರಿನಲ್ಲಿ ಊದಿಬಿಟ್ಟಿದ್ದೆ, ಅದೂ ಎದೆಯುಬ್ಬಿಸಿಕೊಂಡು. ಪಶ್ಚಾತ್ತಾಪದಲ್ಲೂ ನಾನು ಸುಪರ್ವೈಸರನೇ.

ಅವರಿಬ್ಬರು ಕಲ್ಯಾಣದ ಪಶ್ಚಿಮಕ್ಕೆ ಬಾಡಿಗೆ ಮನೆ ಮಾಡಿಕೊಂಡು ಹೋದರು. ನನ್ನ ಹೆಂಡತಿ ನೀಲವ್ವ ಹೋಗಿ ಬಂದು ಮಾಡುತ್ತಿದ್ದಳು, ನನ್ನನ್ನು ಕರೆಯುತ್ತಿರಲಿಲ್ಲ. ನಾನು ಇಂಡಿಗೆ ಹೋಗಿ ಆ ಹುಡುಗಿಯ ಅಪ್ಪನ ಕ್ಷಮೆ ಕೇಳಿ ಬಂದೆ. ಸೊಸೆ ಮನೆಯಲ್ಲಿರುವಾಗಲೇ ಹೆಣ್ಣು ನೋಡಲು ಬಂದಿದ್ದೆನೆಂದು ತಿಳಿದು ಅವನು ನನ್ನನ್ನು ಅಂಗಳದಿಂದಲೇ ಕಳಿಸಿದ. ನೀರೂ ಕೊಡಲಿಲ್ಲ. ಸರಿಯಾಗಿಯೇ ಮಾಡಿದ.

ಮುಂದೆ ಏನಾಯಿತೆಂದು ಕೇಳುವವರಿಗೆ ಈಗಲೇ ಹೇಳಿಬಿಡುತ್ತೇನೆ. ಮೊಮ್ಮಗು ಇಲ್ಲ. ಕೆಲಸ ಬಿಟ್ಟ ಮೇಲೆ ಬಸವರಾಜನ ರಿಪೋರ್ಟ್ ಸ್ವಲ್ಪ ಮೇಲಕ್ಕೆ ಬಂತು, ತಲೆನೋವು ಹೋಯಿತು, ಮುಖಕ್ಕೆ ಬಣ್ಣ ಬಂತು. ಲ್ಯಾಬಿನ ಸಹಾಯದಿಂದ ಒಮ್ಮೆ ಗರ್ಭ ನಿಂತಿತು. ಅದು ಉಳಿಯಲಿಲ್ಲ. ಇನ್ನೊಮ್ಮೆ ನೋಡಬೇಕೋ ಬೇಡವೋ ಎಂಬುದು ಈಗ ಅವರಿಬ್ಬರ ಮಾತು, ಅದರಲ್ಲಿ ನಾನಿಲ್ಲ. ಅವರು ಗಂಡಹೆಂಡಿರಾಗಿ ಗಟ್ಟಿಯಾಗಿದ್ದಾರೆ. ಇದನ್ನು ಬರೆಯಲು ಮಗನ ಒಪ್ಪಿಗೆ ಕೇಳಿದೆ. ಹೆಸರು ಬದಲಿಸಿ ಬರಿ, ನಿನ್ನ ಬಗ್ಗೆ ಮಾತ್ರ ಏನೂ ಬದಲಿಸಬೇಡ ಎಂದ. ಹಾಗೆಯೇ ಮಾಡಿದ್ದೇನೆ. ಕೆಮಿಕಲ್ಲು, ಬಣ್ಣ, ಕೀಟದ ಔಷಧಿ, ಸೀಸ ಮುಟ್ಟಿ ದುಡಿಯುವ ಮಗನಿರುವ ತಂದೆತಾಯಿಗಳೇ, ಸೊಸೆಯನ್ನು ದೇವರ ಬಳಿಗೆ ಕಳಿಸುವ ಮೊದಲು ಮಗನನ್ನು ಡಾಕ್ಟರ ಬಳಿಗೆ ಕಳಿಸಿ. ಒಂದು ಡಬ್ಬಿ, ಒಂದು ಮುಚ್ಚಿದ ಬಾಗಿಲು, ಅಷ್ಟೇ ಬೇಕಾಗುವುದು. ನೋವೂ ಇಲ್ಲ. ನೋವಾಗುವುದು ನಮ್ಮ ಮೀಸೆಗೆ ಮಾತ್ರ.

ಗರ್ಭ ಇಳಿದ ದಿನದ ಒಂದು ಮಾತು ಉಳಿದಿದೆ. ಸವಿತಾಳನ್ನು ಕಲ್ಯಾಣದ ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ ಮಲಗಿಸಿದ್ದರು. ನೀಲವ್ವ ಒಳಗಿದ್ದಳು. ನಾನು ಹೊರಗಿನ ಬೆಂಚಿನಲ್ಲಿ ಕೂತಿದ್ದೆ, ನಡುವೆ ಒಂದು ಹಸಿರು ಪರದೆ. ಬಸವರಾಜ ಔಷಧಿ ತಂದುಕೊಟ್ಟು ಬಂದು ನನ್ನ ಬೆಂಚಿನಲ್ಲೇ, ಆದರೆ ಆ ತುದಿಗೆ ಕೂತ. ಕುಬಸದ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದ. ಒಳಗೆ ಸವಿತಾ ಅಳುತ್ತಿದ್ದಳು. ಮದುವೆಯಾಗಿ ಬಂದ ನಾಲ್ಕು ವರ್ಷದಲ್ಲಿ ಅವಳು ಅತ್ತದ್ದು ನನಗೆ ಕೇಳಿದ್ದು ಅದೇ ಮೊದಲು.

ಆಮೇಲೆ ನೀಲವ್ವನ ದನಿ ಬಂತು.

"ಅಳು, ಅಳು. ನನಗ ಅಳಾಕೂ ಬಿಡಲಿಲ್ಲ. ಬಸವರಾಜ ಹುಟ್ಟಿದ ಮ್ಯಾಲ ನನಗ ಮೂರು ಸಲ ಹಿಂಗಾತು. ಇವರ ಡ್ಯೂಟಿ ಅರಿವಿ ಒಗದ್ರ ಬಕೀಟಿನಾಗ ನೀರು ಕೆಂಪಗ, ಒಮ್ಮೊಮ್ಮಿ ಹಳದಿ. ಕೈ ಸುಡತಿತ್ತು. ಬಸರಿದ್ದಾಗೂ ನಾನ ಒಗೀತಿದ್ದೆ. ಬೇರೆ ಬಕೀಟ್ ಇಟ್ಕೋ ಅಂದ್ರು, ನಿಮ್ಮ ಮಾಮಾ. ಕೂಸಿನ ಅರಿವಿಗೆ ಬಣ್ಣ ಹತ್ತಬಾರದು ಅಂತ."

ನನಗೆ ನೆನಪಿದೆ, ಆ ಬಕೀಟು ತಂದುಕೊಟ್ಟದ್ದು ನಾನೇ. ಆ ನೀರಿನಿಂದಲೇ ಹಾಗಾಯಿತೋ ಏನೋ, ಈಗ ಯಾವ ಡಾಕ್ಟರೂ ಹೇಳಲಾರರು. ಮೂರು ಸಲವೂ ದೇವರ ಇಚ್ಛೆ ಎಂದಿದ್ದೆವು. ಆಮೇಲೆ ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಿರಲಿಲ್ಲ. ಬಸವರಾಜನಿಗೆ ಅದು ತಿಳಿದೇ ಇರಲಿಲ್ಲ.

ಅವನು ನನ್ನ ಕಡೆ ತಿರುಗಿದ. ಕೇಳಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ:

"ಅಪ್ಪಾ, ಅವ್ವಗ ಹಂಗಾದಾಗ ನೀ ಎಲ್ಲಿದ್ದಿ?"

"ಡ್ಯೂಟಿ ಮ್ಯಾಲ."

"ಮೂರೂ ಸಲ?"

"ಮೂರೂ ಸಲ."

ಅವನ ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು, ಗೋದಾಮಿನಿಂದ ಕರೆ. ನೋಡಿ, ಬಂದ್ ಮಾಡಿ, ಬೆಂಚಿನ ಮೇಲೆ ನನ್ನ ಪಕ್ಕ ಇಟ್ಟ. ಎದ್ದು ಪರದೆ ಸರಿಸಿಕೊಂಡು ಹೆಂಡತಿಯ ಹತ್ತಿರ ಒಳಗೆ ಹೋದ.